ನಾಲ್ಕು ಗೇಣು ಎರಡು ಬೆರಳು

ಝಪುಜೆ, ರಿಬ್ನಿತ್ಸಾ ಬಳಿ
16 ಜನವರಿ 1983

ಸ್ತಾಂಕಾ,

ನಿನ್ನ ನಕ್ಷೆ ಬಂತು. ಎರಡು ದಿನ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಮೊದಲನೇ ದಿನ ನಗು ಬಂತು, ಎರಡನೇ ದಿನ ಸಿಟ್ಟು ಬಂತು. ಮೋಟಾರ್‌ಸೈಕಲ್ಲಿಗೆ ಮರದ ಮಡ್‌ಗಾರ್ಡ್! ಈ ಮನೆಯಲ್ಲಿ ಐದು ತಲೆಮಾರಿನಿಂದ ಜರಡಿಯ ಸುತ್ತಿನ ಮರದ ಬಳೆ ಬಗ್ಗಿಸುತ್ತಿದ್ದೇವೆ. ಆ ಬಳೆಯೊಳಗೆ ಹಿಟ್ಟು ಬಿದ್ದಿದೆ, ಕಾಳು ಬಿದ್ದಿದೆ, ಮರಳೂ ಬಿದ್ದಿದೆ. ರಸ್ತೆಯ ಕೆಸರು ಇನ್ನೂ ಬಿದ್ದಿರಲಿಲ್ಲ. ನನ್ನ ತಮ್ಮ ವಿಂಕೊ ಹಡಗು ಹತ್ತಿಕೊಂಡು ವರ್ಷಗಟ್ಟಲೆ ಸಮುದ್ರದ ಮೇಲೆ ಇರುತ್ತಾನೆ, ಸರಿ. ಅವನ ಹೆಂಡತಿ ಗ್ಯಾರೇಜು ಇಟ್ಟುಕೊಂಡು ಗಂಡಸರ ಗಾಡಿಗಳ ಎಂಜಿನ್ ಬಿಚ್ಚುತ್ತಾಳೆ, ಅದೂ ಸರಿ. ಈಗ ನನ್ನ ಕಸುಬನ್ನೂ ಚಕ್ರಕ್ಕೆ ಕಟ್ಟಬೇಕೇ?

ಅದಕ್ಕಿಂತ ಸಿಟ್ಟು ಬಂದದ್ದು ನಿನ್ನ ಮಿಲಿಮೀಟರುಗಳಿಗೆ. ಒಂದು ಮರದ ಪಟ್ಟಿಗೆ ಹನ್ನೊಂದು ಅಳತೆ ಬರೆದಿದ್ದೀಯ. ಇದೇನು ಮರವೇ, ಮೂಗಿಗೆ ಹಾಕುವ ಕನ್ನಡಕವೇ? ನಮ್ಮಲ್ಲಿ ಮಾಮೂಲಿ ಜರಡಿಗೆ ಅಚ್ಚು ಇದೆ. ಅಚ್ಚಿಲ್ಲದ್ದಕ್ಕೆ ಗೇಣು ಇದೆ. ಗೇಣಿನಲ್ಲಿ ಬರೆದು ಕಳಿಸು. ನನ್ನ ಗೇಣು ಇಪ್ಪತ್ತಮೂರು ಸೆಂಟಿಮೀಟರ್, ಬೆರಳಿನ ಅಗಲ ಎರಡು. ನಿನ್ನ ಮದುವೆಯ ದಿನ ವಿಂಕೊನೇ ಕುಡಿದು ಅಳೆದಿದ್ದ.

ಹಾಗಾದರೆ ಮಾಡಿಕೊಡುತ್ತೀರಾ ಅಂತ ಕೇಳುತ್ತೀಯ. ಮಾಡುತ್ತೇನೆ. ಕಾರಣವನ್ನೂ ಹೇಳುತ್ತೇನೆ. ಏಪ್ರಿಲಿನಲ್ಲಿ ನಮ್ಮ ಕರಕುಶಲ ಸಮಿತಿಯವರು ಮನೆಗೆ ಬರುತ್ತಾರೆ. ಈ ಕಣಿವೆಯಲ್ಲಿ ಬಳೆ ಬಗ್ಗಿಸುವ ಒಬ್ಬನಿಗೆ ಮಾತ್ರ ‘ಮಾಸ್ತರ’, ಅಂದರೆ ಕಸುಬಿನಲ್ಲಿ ಪಳಗಿದವನು, ಎಂಬ ಹಿತ್ತಾಳೆ ಫಲಕ ಕೊಡುತ್ತಾರಂತೆ, ಬಾಗಿಲ ಪಕ್ಕ ಹೊಡೆಯುವುದಕ್ಕೆ. ನೀನು ಗಾಡಿ ಇಡುವ ಪ್ರದರ್ಶನದಲ್ಲಿ ನನ್ನ ಹೆಸರು ದೊಡ್ಡದಾಗಿ ಇರಲಿ. ಇಂಥ ಪ್ರದರ್ಶನಕ್ಕೆ ನನ್ನ ಕೆಲಸ ಹೋಗುತ್ತಿದೆ ಅಂತ ಸಮಿತಿಯವರು ಬಂದಾಗ ಹೇಳಿಕೊಳ್ಳಬಹುದು.

ನನ್ನ ಹೆಂಡತಿ ಜಾಲ್ಕಾ ನಿನ್ನ ಕ್ಷೇಮ ಕೇಳಿದಳು ಅಂತ ತಿಳಿ.

ಫ್ಲೋರ್ಯಾನ್ ಲೊವ್ಶಿನ್


ಇಝೊಲಾ
24 ಜನವರಿ 1983

ಪ್ರೀತಿಯ ಭಾವನವರಿಗೆ,

ಬೈಗುಳ ತಲುಪಿತು, ಒಪ್ಪಿಗೆಯೂ ತಲುಪಿತು. ಎರಡಕ್ಕೂ ಕೃತಜ್ಞತೆ.

ಹಿಂದಿನ ಮಡ್‌ಗಾರ್ಡ್ ಒಂದೇ ಸಾಕು. ನಿಮ್ಮ ಲೆಕ್ಕದಲ್ಲಿ ನಾಲ್ಕು ಗೇಣು ಎರಡು ಬೆರಳು ಉದ್ದ. ಅಗಲಕ್ಕೆ ನಕ್ಷೆಯ ಜೊತೆ ಕಳಿಸಿದ ರಟ್ಟಿನ ತುಂಡನ್ನೇ ಇಟ್ಟು ನೋಡಿ. ಹೆಡ್‌ಲೈಟಿನ ಸುತ್ತ ಕೂರುವ ಬಳೆಗೆ ಹೊಸ ಅಳತೆ ಬೇಡ. ಜಾಲ್ಕಕ್ಕ ಕೊಟ್ಟ ಸಣ್ಣ ಹಿಟ್ಟು ಜರಡಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಸರಿಯಾಗಿ ಕೂರುತ್ತದೆ.

ಮರವೇ ಯಾಕೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಗಾಡಿ ಇಪ್ಪತ್ತೆಂಟು ವರ್ಷ ಹಳೆಯದು. ಸಮುದ್ರದ ಗಾಳಿಗೆ ಅದರ ತಗಡೆಲ್ಲ ಬಿಸ್ಕತ್ತಿನಂತಾಗಿದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಎಂಜಿನ್ ಮಾತ್ರ ಕುದುರೆ. ಟ್ಯಾಂಕಿನ ಎರಡು ಪಕ್ಕ ಮೊಣಕಾಲು ತಾಗುವ ಹಲಗೆ ಮತ್ತು ಹ್ಯಾಂಡಲಿನ ಹಿಡಿಗಳನ್ನು ನಾನೇ ಆಲಿವ್ ಮರದಲ್ಲಿ ಕೆತ್ತಿದ್ದೇನೆ. ಕೆತ್ತುವುದು ಬರುತ್ತದೆ, ಬಗ್ಗಿಸುವುದು ಬರುವುದಿಲ್ಲ. ಮೂರು ಪಟ್ಟಿ ಮುರಿದ ಮೇಲೆ ನಿಮಗೆ ಬರೆದೆ.

ಮೇ ಹದಿನೈದಕ್ಕೆ ಗೋರಿತ್ಸಾದಲ್ಲಿ ಪ್ರದರ್ಶನ. ಪ್ರತಿ ಗಾಡಿಯ ಮುಂದೆ ಒಂದು ಹಲಗೆ ಇರುತ್ತದೆ, ಯಾವ ಭಾಗ ಯಾರು ಮಾಡಿದ್ದು ಅಂತ. ಹೋದ ವರ್ಷ ನಾನು ಎಂಜಿನ್ ಕಟ್ಟಿದ ಗಾಡಿಯ ಮುಂದೆ ನಿಂತಿದ್ದಾಗ ಒಬ್ಬ ಬಂದು, “ಏನಮ್ಮಾ, ಮೆಕ್ಯಾನಿಕ್ ಊಟಕ್ಕೆ ಹೋದರಾ?” ಅಂದ. “ಹೌದು, ನಾನು ಅವರ ಸ್ಪ್ಯಾನರು” ಅಂದೆ. ಅವನಿಗೆ ಅರ್ಥವಾಗಲಿಲ್ಲ. ಹಾಗಾಗಿ ಹಲಗೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮಾಡಿದವರ ಹೆಸರು, ಅಷ್ಟೆ.

ನಿಮ್ಮ ಅಕ್ಷರ ಎಷ್ಟು ಮುದ್ದಾಗಿದೆ! ವಿಂಕೊನದು ಕೋಳಿ ಕೆದರಿದ ಹಾಗಿರುತ್ತದೆ. ಒಂದೇ ಶಾಲೆಯಲ್ಲಿ ಓದಿದಿರಾ ನೀವಿಬ್ಬರು?

ನಿಮ್ಮ
ಸ್ತಾಂಕಾ


ಝಪುಜೆ
27 ಫೆಬ್ರವರಿ 1983

ಸ್ತಾಂಕಾ,

ಪೊಟ್ಟಣ ಶುಕ್ರವಾರದ ಬಸ್ಸಿನಲ್ಲಿ ಹೊರಟಿದೆ. ಹೇಗೆ ಮಾಡಿದೆ ಅಂತ ಬರೆಯುತ್ತೇನೆ, ಯಾರಾದರೂ ಕೇಳಿದರೆ ಪೆದ್ದಿಯ ಹಾಗೆ ನಿಲ್ಲಬೇಡ.

ಮರ ಆಶ್ ಜಾತಿಯದು. ಬೆಟ್ಟದ ಉತ್ತರ ಮಗ್ಗುಲಲ್ಲಿ ನಿಧಾನವಾಗಿ ಬೆಳೆದದ್ದು. ನಾನೇ ಹೋಗಿ, ತಟ್ಟಿ ನೋಡಿ, ಆರಿಸಿದೆ. ಗರಗಸ ಹಾಕಿಲ್ಲ, ನಾರಿನ ಗುಂಟ ಸೀಳಿದ್ದು. ಹಾಗೆ ಸೀಳಿದ ಪಟ್ಟಿಯೇ ಬಗ್ಗುತ್ತದೆ. ಗರಗಸದ್ದು ಮುರಿಯುತ್ತದೆ, ಅದಕ್ಕೇ ನಿನ್ನ ಮೂರೂ ಮುರಿದವು. ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಕ್ಕಾಲು ಗಂಟೆ ಹಬೆ ಕೊಡಬೇಕು. ಹೊರಗೆ ತೆಗೆದ ಮೇಲೆ ಹದಿನೈದು ಎಣಿಸುವಷ್ಟು ಹೊತ್ತು ಮಾತ್ರ ಮರ ನಿನ್ನ ಮಾತು ಕೇಳುತ್ತದೆ. ಹದಿನಾರಕ್ಕೆ ಅದು ಮತ್ತೆ ಮರ. ಆ ಹದಿನೈದರೊಳಗೆ ಎದೆ, ಮೊಣಕಾಲು, ಎರಡು ಮುಂಗೈ ಎಲ್ಲ ಒಟ್ಟಿಗೆ ಕೆಲಸ ಮಾಡಬೇಕು. ಇದು ಪುಸ್ತಕದಿಂದ ಬರುವುದಲ್ಲ. ನನಗೆ ನನ್ನ ಅಪ್ಪನಿಂದ ಬಂತು.

ಜಾಲ್ಕಾ ಒಲೆ ನೋಡಿಕೊಂಡಳು.

ಬಣ್ಣ ಬಳಿಯಬೇಡ. ವಾರ್ನಿಷ್ ಬಳಿದರೆ ನಾನು ನಿನ್ನ ಭಾವನಲ್ಲ. ಅಗಸೆ ಎಣ್ಣೆ, ಮೂರು ಸಲ, ಬಟ್ಟೆಯಲ್ಲಿ.

ಹಲಗೆಯ ಮೇಲೆ ‘ಫ್ಲೋರ್ಯಾನ್ ಲೊವ್ಶಿನ್, ಝಪುಜೆ’ ಅಂತ ಬರೆ.

ಫ್ಲೋರ್ಯಾನ್


ಇಝೊಲಾ
8 ಮಾರ್ಚ್ 1983

ಪ್ರೀತಿಯ ಭಾವನವರಿಗೆ,

ಪೊಟ್ಟಣ ಬಿಚ್ಚಿದಾಗ ಗ್ಯಾರೇಜಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಇಬ್ಬರೂ ಎದ್ದು ಹತ್ತಿರ ಬಂದು ನೋಡಿದರು. ಇಷ್ಟು ತೆಳುವಾದ ಪಟ್ಟಿ ಇಷ್ಟು ದುಂಡಗೆ, ಒಂದು ನಾರೂ ಮೇಲೇಳದೆ ಬಗ್ಗುತ್ತದೆ ಅಂತ ನಾನು ನಂಬಿರಲಿಲ್ಲ. ಹೆಡ್‌ಲೈಟಿನ ಬಳೆ ಹಾಕಿದ ತಕ್ಷಣ ಕೂತಿತು. ಬಳೆಯ ತುದಿಗಳನ್ನು ಮರದ ಬೇರಿನ ಎಳೆಯಿಂದ ಸೇರಿಸಿದ ಆ ಹೊಲಿಗೆಯನ್ನು ನೋಡುತ್ತಾ ಕಾಫಿ ತಣ್ಣಗಾಗಲು ಬಿಟ್ಟೆ.

ಹೇಳುವುದಕ್ಕೆ ಸಂಕೋಚವಾಗುತ್ತದೆ. ಮಡ್‌ಗಾರ್ಡ್ ಹದಿನೈದು ಸೆಂಟಿಮೀಟರ್ ಗಿಡ್ಡವಾಗಿದೆ. ತೊಂಬತ್ತಾರು ಇರಬೇಕಿತ್ತು, ಎಂಬತ್ತೊಂದಿದೆ. ಎರಡು ಸಲ ಅಳೆದೆ. ಹಿಂದಿನ ಕಂಬಿಗೆ ಸಿಗುವುದೇ ಇಲ್ಲ. ಗಾಡಿ ಓಡಿದರೆ ಕೆಸರೆಲ್ಲ ನನ್ನ ಬೆನ್ನಿಗೇ.

ಎಲ್ಲೋ ಎಣಿಕೆ ತಪ್ಪಿರಬೇಕು. ಇನ್ನೊಂದು ಪಟ್ಟಿ ಬಗ್ಗಿಸಲಿಕ್ಕೆ ಆಗುತ್ತದೆಯೇ?

ಇವತ್ತು ಮಹಿಳಾ ದಿನ. ಪಕ್ಕದ ಕಾರ್ಖಾನೆಯವರು ಹೆಂಗಸರಿಗೆಲ್ಲ ಒಂದೊಂದು ಕಾರ್ನೇಷನ್ ಹಂಚಿದರು. ನನಗೂ ಕೊಟ್ಟು, “ಯಜಮಾನರಿಗೆ ಹೇಳಿ, ನಮ್ಮ ಲಾರಿ ಇನ್ನೂ ಸದ್ದು ಮಾಡ್ತಿದೆ” ಅಂದರು. ಹೂವನ್ನು ಎಣ್ಣೆ ಡಬ್ಬದಲ್ಲಿ ಇಟ್ಟಿದ್ದೇನೆ.

ಸ್ತಾಂಕಾ


ಝಪುಜೆ
14 ಮಾರ್ಚ್ 1983

ಸ್ತಾಂಕಾ!

ಗಿಡ್ಡವಾಗಿದೆಯಂತೆ! ಮೂವತ್ತೊಂಬತ್ತು ವರ್ಷದಲ್ಲಿ ನನ್ನ ಬಳೆ ಗಿಡ್ಡವಾಯಿತು ಅಂತ ಹೇಳಿದ ಮೊದಲನೇ ಪ್ರಾಣಿ ನೀನು. ವಿಯೆನ್ನಾದ ಬೇಕರಿಯವರು ಹೇಳಲಿಲ್ಲ. ಬೋಸ್ನಿಯಾದ ಗಿರಣಿಯವರು ಹೇಳಲಿಲ್ಲ. ಸಮುದ್ರದ ಬದಿಯಲ್ಲಿ ಮೀನಿನ ವಾಸನೆ ಕುಡಿಯುತ್ತಾ ಟೇಪು ಹಿಡಿದುಕೊಂಡು ಕೂತವಳು ಹೇಳುತ್ತಾಳೆ!

ನಾಲ್ಕು ಗೇಣು ಎರಡು ಬೆರಳು ಅಂದೆ, ನಾಲ್ಕು ಗೇಣು ಎರಡು ಬೆರಳು ಬಂದಿದೆ. ನನ್ನ ಕಣ್ಣ ಮುಂದೆ ಎಣಿಸಿದ್ದು. ನಿನ್ನ ಚಕ್ರ ದೊಡ್ಡದಿರಬೇಕು. ಅಥವಾ ಭಾಗಾಕಾರ ಬರುವುದಿಲ್ಲ ಅಂತ ಒಪ್ಪಿಕೊ. ಉಪ್ಪುಗಾಳಿಗೆ ಮರ ಕುಗ್ಗಿತು ಅಂತ ಮಾತ್ರ ಬರೆಯಬೇಡ. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲ. ಇದು ನಮ್ಮ ಹಿತ್ತಲ ಕೋಳಿಗೂ ಗೊತ್ತು.

ಒಂದು ತಿಂಗಳ ಕೆಲಸ. ಅದಕ್ಕೆ ಸಿಕ್ಕಿದ್ದು ಇದು. ಬೇಡದಿದ್ದರೆ ವಾಪಸು ಕಳಿಸು, ಒಲೆಗೆ ಹಾಕುತ್ತೇನೆ. ಇನ್ನೊಂದು ಬಗ್ಗಿಸುವುದಿಲ್ಲ. ಸಮಿತಿಯವರು ಏಪ್ರಿಲ್ ಹತ್ತೊಂಬತ್ತಕ್ಕೆ ಬರುತ್ತಾರೆ, ನನಗೆ ಬೇರೆ ಕೆಲಸವಿದೆ.

ಫ್ಲೋರ್ಯಾನ್


ಇಝೊಲಾ
21 ಮಾರ್ಚ್ 1983

ಭಾವನವರಿಗೆ,

ಭಾಗಾಕಾರ ಬರುತ್ತದೆಯೋ ಇಲ್ಲವೋ ನೀವೇ ನೋಡಿ.

ನೀವು ಕೊಟ್ಟ ಲೆಕ್ಕದಲ್ಲಿ ಗೇಣಿಗೆ ಇಪ್ಪತ್ತಮೂರು. ನಾಲ್ಕಕ್ಕೆ ತೊಂಬತ್ತೆರಡು. ಎರಡು ಬೆರಳಿಗೆ ನಾಲ್ಕು. ಒಟ್ಟು ತೊಂಬತ್ತಾರು. ಬಂದದ್ದು ಎಂಬತ್ತೊಂದು. ಎಣಿಕೆ ತಪ್ಪಿಲ್ಲ ಅನ್ನುತ್ತೀರಿ, ನಂಬುತ್ತೇನೆ. ಅಂದಮೇಲೆ ಕೈ ಬೇರೆ. ಮಡ್‌ಗಾರ್ಡಿನ ಮೇಲೆ ನನ್ನ ಕೈಯಿಟ್ಟು ಅಳೆದೆ. ನಾಲ್ಕು ಗೇಣು, ಎರಡು ಬೆರಳು. ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. ನನ್ನ ಗೇಣು ಹತ್ತೊಂಬತ್ತೂವರೆ, ಬೆರಳು ಒಂದೂವರೆ.

ಇದನ್ನು ಬಗ್ಗಿಸಿದ್ದು ನೀವಲ್ಲ. ಹೆಂಗಸಿನ ಕೈ.

ಯಾರವಳು? ಸಹಕಾರ ಸಂಘದಿಂದ ಯಾವುದೋ ಹುಡುಗಿಯನ್ನು ಕರೆತಂದು ಹಬೆಯ ಮುಂದೆ ನಿಲ್ಲಿಸಿದಿರಾ? ‘ಎದೆ, ಮೊಣಕಾಲು, ಎರಡು ಮುಂಗೈ’ ಅಂತ ನನಗೆ ಒಂದು ಪುಟ ಬರೆಯುವ ಬದಲು ಅವಳ ಹೆಸರನ್ನು ಒಂದು ಸಾಲಿನಲ್ಲಿ ಬರೆಯಬಹುದಿತ್ತು. ನನಗೆ ಕೋಪ ಬಂದದ್ದು ಅಳತೆಗಲ್ಲ. ಅಳತೆ ಯಾರಿಗಾದರೂ ತಪ್ಪುತ್ತದೆ. ಇಷ್ಟು ಚೆಂದದ ಕೆಲಸ ಮಾಡಿದವಳನ್ನು ಮರೆಯಲ್ಲಿ ನಿಲ್ಲಿಸಿ, ಬಾಗಿಲಿಗೆ ಹಿತ್ತಾಳೆ ಫಲಕ ಹೊಡೆಸಿಕೊಳ್ಳಲು ಹೊರಟಿದ್ದೀರಲ್ಲ, ಅದಕ್ಕೆ. ನನ್ನನ್ನು ದಿನಕ್ಕೆ ಮೂರು ಸಲ ‘ಯಜಮಾನರಿಲ್ಲವಾ’ ಅಂತ ಕೇಳುತ್ತಾರೆ. ಅದು ಹೇಗೆ ಚುಚ್ಚುತ್ತದೆ ಅಂತ ನಿಮಗೆ ಗೊತ್ತಿಲ್ಲ.

ಹಲಗೆಯ ಮೇಲೆ ನಿಮ್ಮ ಹೆಸರು ಬರೆಯುವುದಿಲ್ಲ. ಅವಳ ಹೆಸರು ಕಳಿಸಿ. ಇಲ್ಲದಿದ್ದರೆ ಗಾಡಿ ಮಡ್‌ಗಾರ್ಡಿಲ್ಲದೆ ನಿಲ್ಲಲಿ.

ಜಾಲ್ಕಕ್ಕ ಅಷ್ಟು ನ್ಯಾಯವಂತರು. ಅವರಾದರೂ ನಿಮಗೆ ಒಂದು ಮಾತು ಹೇಳಲಿಲ್ಲವೇ?

ಸ್ತಾಂಕಾ


ಝಪುಜೆ
29 ಮಾರ್ಚ್ 1983

ಸ್ತಾಂಕಾ,

ಇದು ನಿನಗೆ ನನ್ನ ಕೊನೆಯ ಪತ್ರ. ನನ್ನ ಮನೆಯ ಕೈಗಳನ್ನು ಎಣಿಸುವ ಅಧಿಕಾರ ನಿನಗೆ ಯಾರೂ ಕೊಟ್ಟಿಲ್ಲ. ಇಲ್ಲಿ ಯಾವ ಹುಡುಗಿಯೂ ಬಂದಿಲ್ಲ. ಈ ಮನೆಯಲ್ಲಿ ಬಳೆ ಬಗ್ಗಿಸುವವನು ಒಬ್ಬನೇ, ಅವನು...

ಇಲ್ಲಿಗೆ ‘ನಾನು’ ಅಂತ ಬರೆಯಲು ಇವರು ಹೇಳಿದರು. ನಾನು ಪೆನ್ನು ಕೆಳಗಿಟ್ಟೆ. “ಬರಿಯೇ” ಅಂದರು. “ಇದನ್ನ ಬರೆಯಲ್ಲ” ಅಂದೆ. ಟೋಪಿ ತೆಗೆದುಕೊಂಡು ದನದ ಕೊಟ್ಟಿಗೆಗೆ ಹೋಗಿದ್ದಾರೆ. ಉಳಿದ ಕಾಗದ ನನ್ನದು. ನಾನು ಜಾಲ್ಕಾ.

ಮುದ್ದಾದ ಅಕ್ಷರ ನನ್ನದೇ ಸ್ತಾಂಕಾ. ಜನವರಿಯಿಂದ ನಿನಗೆ ಬರುವ ಪತ್ರಗಳನ್ನು ಇವರು ಹೇಳುತ್ತಾರೆ, ನಾನು ಬರೆಯುತ್ತೇನೆ. ‘ಜಾಲ್ಕಾ ಒಲೆ ನೋಡಿಕೊಂಡಳು’ ಅಂತ ನನ್ನ ಕೈಯಿಂದಲೇ ಬರೆಸಿದರು. ಆ ಸಾಲಿನಲ್ಲಿ ನಿಬ್ಬು ಕಾಗದಕ್ಕೆ ಚುಚ್ಚಿ ತೂತಾಗಿದೆ, ಪತ್ರ ಇಟ್ಟುಕೊಂಡಿದ್ದರೆ ನೋಡು.

ಒಂದೂವರೆ ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಪಟ್ಟಿ ಹೆರೆಯುವಾಗ ಕತ್ತಿ ಜಾರಿ ಇವರ ಬಲ ಮಣಿಕಟ್ಟಿಗೆ ಬಿತ್ತು. ವಿಂಕೊನಿಗೆ ‘ಗೀರು’ ಅಂತ ಬರೆಸಿದರು. ಗೀರಲ್ಲ. ನರ ಹೋಯಿತು. ಚಮಚ ಹಿಡಿಯುತ್ತಾರೆ, ಪೆನ್ನು ಹಿಡಿಯಲಾರರು, ಹಬೆಯಿಂದ ತೆಗೆದ ಪಟ್ಟಿಯಂತೂ ಆಗುವುದೇ ಇಲ್ಲ. ಆವತ್ತಿನಿಂದ ಈ ಮನೆಯಿಂದ ಹೋದ ಪ್ರತಿಯೊಂದು ಬಳೆಯನ್ನೂ ಬಗ್ಗಿಸಿದ್ದು ನಾನು. ಅದಕ್ಕೆ ಮೊದಲೂ ಅರ್ಧ ನಾನೇ. ಜರಡಿಗೆ ಅಚ್ಚು ಇದೆ, ಯಾರ ಕೈಯಾದರೂ ಅಳತೆ ಒಂದೇ. ಅದಕ್ಕೇ ನಿನ್ನ ದೀಪದ ಬಳೆ ಸರಿಹೋಯಿತು. ಮಡ್‌ಗಾರ್ಡಿಗೆ ಅಚ್ಚಿರಲಿಲ್ಲ. ಇವರು ಪಕ್ಕದಲ್ಲಿ ಕೂತು “ಒಂದು, ಎರಡು, ಮೂರು, ನಾಲ್ಕು, ಎರಡು ಬೆರಳು” ಅಂತ ಎಣಿಸಿದರು, ನಾನು ಗೇಣು ಹಾಕಿದೆ. ಕೈ ಬದಲಾಗಿದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಇವರಿಗೆ ನನ್ನ ಕೈ ತಮ್ಮದೇ ಅನ್ನಿಸಿಬಿಟ್ಟಿತ್ತು. ನನಗೂ ಅಷ್ಟು ಅಭ್ಯಾಸವಾಗಿಬಿಟ್ಟಿತ್ತಲ್ಲ, ಅದಕ್ಕೇ ಈಗ ಹೆಚ್ಚು ಸಿಟ್ಟು.

ಸಿಟ್ಟು ನಿನ್ನ ಮೇಲೂ ಇದೆ. ಹೆಂಗಸಿನ ಕೈ ಅಂತ ಕಂಡುಹಿಡಿದೆ. ಆಮೇಲೆ ಸಹಕಾರ ಸಂಘದವರೆಗೆ ಹೋಗಿ ಹುಡುಕಿದೆ. ಈ ಮನೆಯಲ್ಲಿ ಇರುವುದು ಒಬ್ಬಳೇ ಹೆಂಗಸು, ಅವಳು ನಿನಗೆ ‘ನ್ಯಾಯವಂತರು’ ಮಾತ್ರ. ಬಳೆ ಬಗ್ಗಿಸಬಲ್ಲವಳು ಅಂತ ನಿನಗೂ ಅನ್ನಿಸಲಿಲ್ಲ. ಮೂರು ತಿಂಗಳು ನೀವಿಬ್ಬರೂ ನನ್ನ ಕೆಲಸದ ಬಗ್ಗೆ ಜಗಳವಾಡಿದಿರಿ. ನಿನ್ನ ಪತ್ರಗಳನ್ನು ಓದಿ ಹೇಳಿದವಳು ನಾನು, ಇವರ ಪತ್ರಗಳನ್ನು ಬರೆದವಳು ನಾನು. ನನಗೆ ಅಂತ ಒಂದು ಸಾಲು ಇಬ್ಬರೂ ಬರೆಯಲಿಲ್ಲ.

ಹೊಸ ಮಡ್‌ಗಾರ್ಡ್ ಬಗ್ಗಿಸಿದ್ದೇನೆ. ಟೇಪಿನಲ್ಲಿ ಅಳೆದಿದ್ದೇನೆ, ತೊಂಬತ್ತಾರು. ನಾಳೆ ಬಸ್ಸಿಗೆ ಹಾಕುತ್ತೇನೆ.

ಜಾಲ್ಕಾ


ಇಝೊಲಾ
5 ಏಪ್ರಿಲ್ 1983

ಜಾಲ್ಕಕ್ಕಾ,

ಕಾಗದದ ತೂತು ನೋಡಿದೆ. ಅದನ್ನು ಅಂಚೆಯವರು ಮಾಡಿದ್ದು ಅಂದುಕೊಂಡಿದ್ದೆ.

ಏನು ಹೇಳಿದರೂ ಸಾಲದು, ಆದ್ದರಿಂದ ಕಡಿಮೆ ಹೇಳುತ್ತೇನೆ. ನೀವು ಹೇಳಿದ್ದು ಸರಿ. ಗ್ಯಾರೇಜಿಗೆ ಬರುವವರು ನನಗೆ ಮಾಡುವುದನ್ನೇ ನಾನು ನಿಮಗೆ ಮಾಡಿದೆ.

ಮಡ್‌ಗಾರ್ಡ್ ಕೂತಿದೆ. ಮೊದಲ ಎಣ್ಣೆ ಹಚ್ಚಿದೆ. ಗಾಡಿಯನ್ನು ಬಂದರಿನವರೆಗೆ ಓಡಿಸಿ ಬಂದೆ. ಕಲ್ಲುಹಾಸಿನ ಮೇಲೆ ತಗಡು ಗಲಗಲ ಅನ್ನುತ್ತಿತ್ತು. ಈಗ ಸದ್ದಿಲ್ಲ.

ಆದರೆ ನನ್ನಿಂದ ಸುಮ್ಮನಿರಲು ಆಗುತ್ತಿಲ್ಲ. ಆ ಸಮಿತಿಗೆ ನಾನೇ ಬರೆಯುತ್ತೇನೆ. ಎರಡೂ ಮಡ್‌ಗಾರ್ಡಿನ ಅಳತೆ ಸಮೇತ. ಬೇಕಾದರೆ ಹತ್ತೊಂಬತ್ತಕ್ಕೆ ಗಾಡಿ ಹತ್ತಿ ಬಂದು ಅವರ ಎದುರೇ ಹೇಳುತ್ತೇನೆ. ಒಂದು ಮಾತು ಹೇಳಿ, ಸಾಕು.

ನಿಮ್ಮ
ಸ್ತಾಂಕಾ


ಝಪುಜೆ
10 ಏಪ್ರಿಲ್ 1983

ಸ್ತಾಂಕಾ,

ಬರಬೇಡ. ಬರೆಯಲೂ ಬೇಡ.

ಇಷ್ಟು ದಿನ ಇವರು ನನ್ನ ಪರವಾಗಿ ಮಾತಾಡಿದರು, ಈಗ ನೀನು ಮಾತಾಡುತ್ತೀಯಾ? ನನಗೆ ಬಾಯಿದೆ. ಬೇಕಾದಾಗ ತೆರೆಯುತ್ತೇನೆ.

ಇನ್ನೊಂದು ಮಾತು. ಇವರನ್ನು ಕಳ್ಳ ಅಂದುಕೊಳ್ಳಬೇಡ. ಗಾಯವಾದ ಮೊದಲ ಚಳಿಗಾಲ ಇವರು ಕೆಲಸದ ಕೋಣೆಗೆ ಕಾಲಿಡಲಿಲ್ಲ. ಆಮೇಲೆ ಒಂದು ದಿನ ಬಂದು, ನಾನು ತಪ್ಪಾಗಿ ಸೀಳಿದ ಪಟ್ಟಿ ನೋಡಿ ಬಾಯಿಗೆ ಬಂದ ಹಾಗೆ ಬೈದರು. ಆವತ್ತು ನನಗೆ ಎಷ್ಟು ಸಂತೋಷವಾಯಿತೆಂದರೆ, ಬಳೆಗಳೆಲ್ಲ ಇವರ ಹೆಸರಿನಲ್ಲಿ ಹೋಗಲಿ ಅಂತ ನಾನೇ ಬಿಟ್ಟೆ. ಬಿಟ್ಟದ್ದು ನನ್ನ ತಪ್ಪು. ತೆಗೆದುಕೊಂಡೇ ಇದ್ದದ್ದು ಇವರ ತಪ್ಪು.

ಹತ್ತು ದಿನದಿಂದ ಮಾತಿಲ್ಲ. ಸೂಪು ಮಾತ್ರ ಇದೆ.

ಜಾಲ್ಕಾ


ಝಪುಜೆ
20 ಏಪ್ರಿಲ್ 1983

ಸ್ತಾಂಕಾ,

ನಿನ್ನೆ ಬಂದಿದ್ದರು. ಮೂವರು, ಮೂವರಿಗೂ ಟೈ. ಅಧ್ಯಕ್ಷರು ದೊಡ್ಡ ಹೊಟ್ಟೆಯವರು, ಉಸಿರಿಗೊಂದು ಸಲ ‘ನಮ್ಮ ಪರಂಪರೆ’ ಅನ್ನುತ್ತಾರೆ. ಇವರು ಎಡಗೈಯಲ್ಲಿ ಪ್ಲಮ್ ಬ್ರಾಂದಿ ಸುರಿದು ಕೊಟ್ಟರು. ಮೇಜಿಗೆಲ್ಲ ಚೆಲ್ಲಿತು, ಅವರು ಅದನ್ನು ಧಾರಾಳತನ ಅಂದುಕೊಂಡರು.

“ಈಗ ಒಂದು ಬಳೆ ಬಗ್ಗಿಸಿ ತೋರಿಸಿ ಮಾಸ್ತರೇ” ಅಂದರು ಅಧ್ಯಕ್ಷರು.

ಇವರು ಏಳಲಿಲ್ಲ. ನಾನು ಹಬೆಯ ಪೆಟ್ಟಿಗೆ ತೆರೆದು ಪಟ್ಟಿ ಹೊರಗೆ ತೆಗೆದೆ. ಅಚ್ಚಿನ ಮುಂದೆ ನಿಂತೆ.

“ಆಯ್ತಮ್ಮಾ, ಬಿಸಿ ಮಾಡಿ ಕೊಟ್ರಲ್ಲ, ಸಾಕು. ಸ್ವಲ್ಪ ಪಕ್ಕಕ್ಕೆ ಬನ್ನಿ, ಇನ್ನು ಮಾಸ್ತರು ನೋಡ್ಕೋತಾರೆ.”

ನಾನು ಪಕ್ಕಕ್ಕೆ ಹೋಗಲಿಲ್ಲ, ಬಗ್ಗಿಸಲೂ ಇಲ್ಲ. ಪಟ್ಟಿ ಹಿಡಿದುಕೊಂಡು ಇವರ ಮುಖ ನೋಡುತ್ತಾ ನಿಂತೆ. ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಇವರೂ ಎಣಿಸುತ್ತಿದ್ದರು, ತುಟಿ ಅಲುಗುವುದು ಕಾಣುತ್ತಿತ್ತು. ಐದು. ಆರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಎಂಟು. ಒಂಬತ್ತು. ಒಳ್ಳೆಯ ಮರ, ಇವರೇ ಆರಿಸಿದ್ದು. ಕೈಯಲ್ಲಿ ಅದು ಗಟ್ಟಿಯಾಗತೊಡಗಿದ್ದು ನನಗೆ ಗೊತ್ತಾಗುತ್ತಿತ್ತು. ಬೇಡ ಅನ್ನಿಸಿತು, ಆದರೂ ನಿಂತೆ. ಹನ್ನೊಂದು.

“ಬಗ್ಗಿಸೇ!” ಅಂತ ಕಿರುಚಿದರು ಇವರು. “ಮರ ಹಾಳಾಗ್ತಿದೆ, ನನ್ ಮುಖ ಏನ್ ನೋಡ್ತೀಯಾ! ಬಗ್ಗಿಸು!”

ಬಗ್ಗಿಸಿದೆ. ಹದಿನಾಲ್ಕಕ್ಕೆ ತುದಿ ಸೇರಿತು. ಇಷ್ಟು ತಡವಾಗಿ ನಾನು ಯಾವತ್ತೂ ಶುರುಮಾಡಿರಲಿಲ್ಲ. ಒಂದು ನಾರೂ ಏಳಲಿಲ್ಲ.

ಟೈ ಕಟ್ಟಿದ ಒಬ್ಬರು, “ಅಲ್ಲ, ಅರ್ಜಿಯಲ್ಲಿ ಫ್ಲೋರ್ಯಾನ್ ಲೊವ್ಶಿನ್ ಅಂತ ಇದೆಯಲ್ಲ?” ಅಂದರು. ಅಷ್ಟೇ ಸಾಕಾಯಿತು. ಇವರು ಎದ್ದರು. “ಹಾಗಾದ್ರೆ ಆ ಅರ್ಜೀನೇ ಹಬೆಗೆ ಹಾಕಿ ಬಗ್ಗಿಸ್ಕೊಳ್ಳಿ! ಕಣ್ಣಿಲ್ವಾ ನಿಮ್ಗೆ? ಈಗ ನೋಡಿದ್ದೇನು? ಮೂರು ಜನ ಬಂದು ಕೂತು, ನನ್ನ ಬ್ರಾಂದಿ ಕುಡ್ದು, ಬಗ್ಗಿಸೋಳನ್ನ ಪಕ್ಕಕ್ಕೆ ಹೋಗು ಅಂತೀರಾ?” ಅಂದರು. ಒಂದೂವರೆ ವರ್ಷ ಇವರೇ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ್ದರು ಅನ್ನುವುದು ಆ ಕ್ಷಣಕ್ಕೆ ಇವರ ನೆನಪಿಗೆ ಬರಲಿಲ್ಲ. ನನಗೆ ಬಂತು. ಬಳೆಯನ್ನು ಅಚ್ಚಿಗೆ ಬಿಗಿದು ಕಟ್ಟಿದೆ.

ಫಲಕ ಕೊಡಲಿಲ್ಲ. ಹೊಸ ಅರ್ಜಿ, ಹೊಸ ಹೆಸರು, ಬರುವ ವರ್ಷ ನೋಡೋಣ ಅಂದರು. ಹೆಂಗಸರ ಹೆಸರಿನಲ್ಲಿ ಈವರೆಗೆ ಕೊಟ್ಟಿಲ್ಲ, ನಿಯಮ ನೋಡಬೇಕು ಅಂತ ಮೆಟ್ಟಿಲಿಳಿಯುತ್ತಾ ಅಂದರು. ನೋಡಲಿ. ನನ್ನ ಹೆಸರಿನ ಅರ್ಜಿ ಇವತ್ತು ಬೆಳಗ್ಗೆಯೇ ಬರೆದು ಹಾಕಿದ್ದೇನೆ. ಇವರು ಹೇಳುತ್ತಾ ಹೋದದ್ದು ಮೂರು ಪುಟ. ಅದರಲ್ಲಿ ಬೈಗುಳವನ್ನೆಲ್ಲ ತೆಗೆದೆ, ಒಂದು ಪುಟ ಉಳಿಯಿತು.

ಈಗ ನಿನ್ನ ಹಲಗೆಯ ವಿಷಯ. ‘ಬಗ್ಗಿಸಿದವರು ಜಾಲ್ಕಾ ಲೊವ್ಶಿನ್’ ಅಂತ ಬರೆ. ಇಂಥವರ ಹೆಂಡತಿ ಅಂತ ಸೇರಿಸಬೇಡ.

ಕೆಳಗೆ ‘ಮರ ಆರಿಸಿದವರು ಫ್ಲೋರ್ಯಾನ್ ಲೊವ್ಶಿನ್’ ಅಂತ ಹಾಕಬೇಕಂತೆ. ಪಕ್ಕದಲ್ಲಿ ಕೂತು ನಾನು ಬರೆಯುವುದನ್ನೇ ನೋಡುತ್ತಿದ್ದಾರೆ. ಅದು ನಿಜ, ಹಾಕು. ಅಕ್ಷರ ನನ್ನದಕ್ಕಿಂತ ಚಿಕ್ಕದಿರಲಿ.

ಜಾಲ್ಕಾ ಲೊವ್ಶಿನ್